ಹಂದಿ ಮರಿಗೆ ಹಳದಿ ಭೇದಿ ಕಂಡರೆ ಬೆಳಗಾಗಲಿ ಅಂತ ಕಾಯಬೇಡಿ

ಮೊದಲ ಸಲ ಹಂದಿ ಸಾಕುತ್ತಿರುವವರು ದಯವಿಟ್ಟು ಇದನ್ನು ಓದಿ. ನಾನು ಏಳು ಮರಿ ಕಳೆದುಕೊಂಡಿದ್ದೇನೆ.

ನಮ್ಮದು ಕೊಡಗು. ಹೋದ ಕಕ್ಕಡ ತಿಂಗಳಲ್ಲಿ, ಮಳೆ ಬಿಡದೆ ಹೊಡೆಯುವಾಗ, ನಮ್ಮ ಯಾರ್ಕ್‌ಶೈರ್ ತಳಿಯ ಹಂದಿ ಚೊಚ್ಚಲ ಮರಿ ಹಾಕಿತು. ಹನ್ನೊಂದು ಮರಿ. ತಾಯಿ ಮೈಯಡಿ ಸಿಕ್ಕಿ ಸಾಯಬಾರದು ಅಂತ ಹುಟ್ಟಿದ ಹಾಗೇ ಎತ್ತಿ ಬುಟ್ಟಿಗೆ ಹಾಕಿದೆ. ಎಲ್ಲ ಮುಗಿಯಲು ಐದು ಗಂಟೆ ಹಿಡಿಯಿತು. ಆಮೇಲೇ ಹಾಲಿಗೆ ಬಿಟ್ಟಿದ್ದು. ರಾತ್ರಿ ಕರೆಂಟ್ ಹೋಗಿ ಬಲ್ಬ್ ಆರಿತು. ಮರಿಗಳು ಒಂದರ ಮೇಲೊಂದು ಹತ್ತಿ ನಡುಗುತ್ತಿದ್ದವು.

ಮರುದಿನ ಸಂಜೆ ಎರಡು ಮರಿಗಳ ಬಾಲ ಒದ್ದೆಯಾಗಿತ್ತು, ಹಿಂಗಾಲಿನ ಮೇಲೆ ಹಳದಿ ನೀರು. "ಹಾಲು ಜಾಸ್ತಿಯಾಗಿದೆ, ಸರಿಹೋಗುತ್ತೆ" ಅಂದರು ಪಕ್ಕದ ಮನೆಯವರು. ನಾನೂ ನಂಬಿದೆ. ಮನೆಯಲ್ಲಿದ್ದ ಭೇದಿ ನಿಲ್ಲುವ ಮಾತ್ರೆ ಪುಡಿ ಮಾಡಿ ಕೊಟ್ಟೆ. ಬೆಳಗ್ಗೆ ನಾಲ್ಕು ಸತ್ತಿದ್ದವು. ಉಳಿದವುಗಳ ಕಣ್ಣು ಗುಳಿ ಬಿದ್ದಿತ್ತು. ಚರ್ಮ ಹಿಡಿದು ಬಿಟ್ಟರೆ ಮಡಿಕೆ ಹಾಗೇ ನಿಲ್ಲುತ್ತಿತ್ತು. ಜ್ವರವಿಲ್ಲ, ಮೈಯೆಲ್ಲ ತಣ್ಣಗೆ.

ಪಶು ಡಾಕ್ಟರ್ ಬಂದು ನೋಡಿ ಇ. ಕೋಲಿ ಅಂದರು. ಈ ಬ್ಯಾಕ್ಟೀರಿಯಾ ತಾಯಿಯ ಗಲೀಜಿನಲ್ಲೇ ಇರುತ್ತದೆ. ಮರಿಯ ಕರುಳಿಗೆ ಅಂಟಿಕೊಂಡು ವಿಷ ಬಿಡುತ್ತದೆ, ಮೈಯ ನೀರೆಲ್ಲ ಕರುಳಿಗೆ ಸುರಿದುಹೋಗುತ್ತದೆ. ಮರಿ ಸಾಯುವುದು ನೀರು ಬತ್ತಿ. ನಾನು ಕೊಟ್ಟ ಮಾತ್ರೆ ಹೋದ ನೀರನ್ನು ತುಂಬಿಕೊಡುವುದಿಲ್ಲ ಅಲ್ವಾ? ಅವರು ಔಷಧಿ ಕೊಟ್ಟರು, ಗಂಟೆಗೊಮ್ಮೆ ಸ್ವಲ್ಪ ಸ್ವಲ್ಪ ಓಆರ್‌ಎಸ್ ಕುಡಿಸಲು ಹೇಳಿದರು. ಆದರೂ ಇನ್ನೂ ಮೂರು ಹೋದವು.

ನನಗೆ ಇವತ್ತಿಗೂ ಚುಚ್ಚುವುದು ಆ ಬುಟ್ಟಿ. ಹಂದಿ ಮರಿಗೆ ತಾಯಿ ಹೊಟ್ಟೆಯಲ್ಲಿದ್ದಾಗ ರೋಗ ತಡೆಯುವ ಶಕ್ತಿ ಬರುವುದೇ ಇಲ್ಲ. ಅದು ಸಿಗುವುದು ಗಿಣ್ಣು ಹಾಲಿನಿಂದ. ಅದನ್ನು ರಕ್ತಕ್ಕೆ ಎಳೆದುಕೊಳ್ಳುವ ಶಕ್ತಿ ಕರುಳಿಗಿರುವುದು ಸುಮಾರು 24 ಗಂಟೆ, ಅದೂ ಗಂಟೆಗಂಟೆಗೂ ಇಳಿಯುತ್ತಾ ಹೋಗುತ್ತದೆ. ಹುಟ್ಟಿದ ಮರಿಯನ್ನು ಒರೆಸಿ ನೇರ ಮೊಲೆಗೆ ಹಚ್ಚಿ, ಪಕ್ಕದಲ್ಲೇ ಕಾವಲು ಕೂತುಕೊಳ್ಳಿ.

ಗೂಡನ್ನೂ ನಾನು ಸುಮ್ನೆ ನೀರು ಹಾಕಿ ತೊಳೆದಿದ್ದೆ. ಈಗ ಉಜ್ಜಿ ತೊಳೆದು, ಬ್ಲೀಚಿಂಗ್ ನೀರು ಹಾಕಿ, ಪೂರ್ತಿ ಒಣಗಿದ ಮೇಲೇ ಗಬ್ಬದ ಹಂದಿಯನ್ನು ಬಿಡುತ್ತೇನೆ. ಮೊದಲ ದಿನಗಳಲ್ಲಿ ಮರಿ ಮಲಗುವ ಜಾಗ 32-34 ಡಿಗ್ರಿ ಬೆಚ್ಚಗಿರಬೇಕು. ಕರೆಂಟ್ ನಂಬಬೇಡಿ, ಒಣ ಹುಲ್ಲು ಜಾಸ್ತಿ ಇಟ್ಟುಕೊಳ್ಳಿ. ಈ ಇ. ಕೋಲಿ ಭೇದಿ ತಡೆಯಲು ಗಬ್ಬದ ಹಂದಿಗೆ ಹಾಕಿಸುವ ಲಸಿಕೆ ನಿಮ್ಮ ಕಡೆ ಸಿಗುತ್ತಾ ಅಂತ ಮರಿ ಹಾಕುವ ಎರಡು ತಿಂಗಳು ಮೊದಲೇ ಡಾಕ್ಟರನ್ನು ಕೇಳಿ.

ಭೇದಿ ಕೆಂಪಗೆ, ರಕ್ತ ಬೆರೆತು ಬಂದರೆ ಅದು ಕ್ಲಾಸ್ಟ್ರಿಡಿಯಂ ಅನ್ನುವ ಬೇರೆ ಬ್ಯಾಕ್ಟೀರಿಯಾ ಇರಬಹುದು. ಅದು ಒಂದೇ ದಿನದಲ್ಲಿ ಮರಿ ಕೊಲ್ಲುತ್ತದೆ. ಆಗಲೇ ಫೋನ್ ಮಾಡಿ. ಸತ್ತ ಮರಿಯನ್ನು ಹೂಳುವ ಮೊದಲು ಡಾಕ್ಟರಿಗೆ ತೋರಿಸಿ.