ಬೈಕಿನ ಟೂಲ್ ಕಿಟ್‌ಗೆ ಯಾವ ಮಲ್ಟಿಟೂಲ್? ಮೂರನ್ನು ಬಳಸಿ ನೋಡಿದ ಮೇಲೆ

ಎರಡು ವರ್ಷದ ಹಿಂದೆ ಜುಲೈನಲ್ಲಿ ಹೊಸನಗರದಿಂದ ಕುಂದಾಪುರಕ್ಕೆ ಇಳಿಯುತ್ತಿದ್ದೆ. ಮಾಸ್ತಿಕಟ್ಟೆ ದಾಟಿ ಹುಲಿಕಲ್ ಘಾಟಿ ಶುರುವಾಗುವ ಹೊತ್ತಿಗೆ ಗೇರ್ ಲಿವರ್ ಸುಮ್ನೆ ತಿರುಗತೊಡಗಿತು. ಕಾಲಲ್ಲಿ ಒತ್ತಿದರೆ ಲಿವರ್ ಕೆಳಗೆ ಹೋಗುತ್ತದೆ, ಗೇರ್ ಮಾತ್ರ ಬೀಳುವುದಿಲ್ಲ. ಲಿವರನ್ನು ಶಾಫ್ಟಿಗೆ ಬಿಗಿಯುವ ಚಿಕ್ಕ ಬೋಲ್ಟ್ ಸಡಿಲವಾಗಿತ್ತು. ಅದನ್ನು ಅರ್ಧ ಸುತ್ತು ಬಿಗಿದಿದ್ದರೆ ಸಾಕಿತ್ತು.

ಆಗ ನನ್ನ ಹತ್ತಿರ ಇದ್ದದ್ದು ಆರು ನೂರು ರೂಪಾಯಿಯ, ಹೆಸರಿಲ್ಲದ ಒಂದು ಮಲ್ಟಿಟೂಲ್, ಅಂದರೆ ಪ್ಲೈಯರ್, ಚಾಕು, ಸ್ಕ್ರೂಡ್ರೈವರ್ ಎಲ್ಲಾ ಒಂದರಲ್ಲೇ ಮಡಚಿಡುವ ಟೂಲ್. ಡಬ್ಬಿಯ ಮೇಲೆ ಹದಿನೈದು ಕೆಲಸ ಅಂತ ಬರೆದಿತ್ತು. ಅದರ ಪ್ಲೈಯರ್‌ನಲ್ಲಿ ಬೋಲ್ಟಿನ ತಲೆ ಹಿಡಿದು ತಿರುಗಿಸಿದೆ. ಮೊದಲ ಸಲ ಜಾರಿತು. ಎರಡನೇ ಸಲ ಬೋಲ್ಟಿನ ಮೂಲೆಗಳು ಸವೆದವು. ಮೂರನೇ ಸಲ ಜೋರಾಗಿ ಅದುಮಿದಾಗ ಪ್ಲೈಯರ್‌ನ ನಡುವಿನ ರಿವೆಟ್ಟೇ ಬಾಗಿ, ಹಿಡಿಕೆ ಮಡಚಿಕೊಂಡು ಬೆರಳು ಸಿಕ್ಕಿಹಾಕಿಕೊಂಡಿತು. ಮಳೆ ಬೇರೆ ಹೊಡೆಯುತ್ತಿತ್ತು.

ಹುಬ್ಬಳ್ಳಿ ಕಡೆಯ ಲಾರಿ ಡ್ರೈವರ್ ಒಬ್ಬರು ನಿಲ್ಲಿಸಿದರು. ನನ್ನ ಕೈಯಲ್ಲಿದ್ದದ್ದನ್ನು ನೋಡಿ, “ಇದರಾಗ ಬಿಚ್ಚಾಕ ಬರಂಗಿಲ್ರಿ. ತಗೋರಿ, ಹತ್ತರ ಪಾನಾ” ಅಂತ ಒಂದು ರಿಂಗ್ ಸ್ಪ್ಯಾನರ್ ಕೊಟ್ಟರು. ಮೂಲೆ ಸವೆದಿದ್ದರೂ ರಿಂಗ್ ಕೂತಿತು. ಹತ್ತು ಸೆಕೆಂಡಿನಲ್ಲಿ ಕೆಲಸ ಮುಗಿಯಿತು.

ಊರಿಗೆ ಬಂದ ಮೇಲೆ ಹಟ ಹಿಡಿಯಿತು. ಬೈಕಿಗೆ ಅಂತ ಒಂದು ಮಲ್ಟಿಟೂಲ್ ಇಟ್ಟುಕೊಂಡರೆ ಅದು ನಿಜವಾಗಿ ಯಾವ ಕೆಲಸಕ್ಕೆ ಬರುತ್ತದೆ, ಯಾವುದಕ್ಕೆ ಬರುವುದಿಲ್ಲ ಅಂತ ನೋಡಲೇಬೇಕು ಅನ್ನಿಸಿತು. ಲೆದರ್‌ಮ್ಯಾನ್ ವೇವ್ ಪ್ಲಸ್ ಕೊಂಡೆ. ಮುಂದಿನ ವರ್ಷ ವಿಕ್ಟೋರಿನಾಕ್ಸ್‌ನ ಸ್ವಿಸ್‌ಟೂಲ್ ಸ್ಪಿರಿಟ್ ಕೊಂಡೆ. ಎರಡೂ ಹತ್ತು ಸಾವಿರ ದಾಟುವ ವಸ್ತುಗಳು, ಸಣ್ಣ ಖರ್ಚಲ್ಲ. ಎರಡನ್ನೂ ಒಂದೊಂದು ಮಳೆಗಾಲ ಬೈಕಿನಲ್ಲಿ ಇಟ್ಟುಕೊಂಡು ಓಡಾಡಿದೆ. ಆಮೇಲೆ ಒಂದು ಭಾನುವಾರ ಜಗಲಿ ಮೇಲೆ ಕೂತು, ಆ ಹಳೆಯ ಮುರುಕನ್ನೂ ರಿವೆಟ್ ನೆಟ್ಟಗೆ ಮಾಡಿ ಜೊತೆಗಿಟ್ಟುಕೊಂಡು, ಮೂರರಲ್ಲೂ ಒಂದೇ ಕೆಲಸಗಳನ್ನು ಮಾಡಿ ನೋಡಿದೆ. ಗ್ಯಾರೇಜಿನಿಂದ ಹಳೇ ಕ್ಲಚ್ ಕೇಬಲ್, ತುಂಡು ಚೈನು, ಮೊಳೆ ಚುಚ್ಚಿದ ಹಳೇ ಟೈರು ತಂದಿದ್ದೆ.

ಕ್ಲಚ್ ಕೇಬಲ್‌ನಿಂದಲೇ ಶುರು ಮಾಡುತ್ತೇನೆ, ಯಾಕಂದ್ರೆ ವ್ಯತ್ಯಾಸ ಅಲ್ಲೇ ಚೆನ್ನಾಗಿ ಕಂಡಿತು. ಕೇಬಲ್ ಸಾಮಾನ್ಯವಾಗಿ ಹ್ಯಾಂಡಲ್ ಕಡೆಯ ನಿಪ್ಪಲ್, ಅಂದರೆ ತುದಿಯ ಲೋಹದ ಗುಂಡಿನ ಬುಡದಲ್ಲೇ ತುಂಡಾಗುವುದು. ಮೊದಲು ಒಂದೆರಡು ಎಳೆ ಬಿಡುತ್ತದೆ, ಕ್ಲಚ್ ಸ್ವಲ್ಪ ಗಟ್ಟಿ ಅನ್ನಿಸುತ್ತದೆ, ಆಮೇಲೆ ಒಂದು ದಿನ ಪಟ್ ಅಂತ ಹೋಗುತ್ತದೆ. ದಾರಿಯಲ್ಲಿ ಸ್ಕ್ರೂ ಹಾಕಿ ಬಿಗಿಯುವ ನಿಪ್ಪಲ್ ಇದ್ದರೆ ಮನೆ ಮುಟ್ಟಬಹುದು. ಎರಡೂ ಕಡೆಯ ಅಡ್ಜಸ್ಟರನ್ನು ಪೂರ್ತಿ ಒಳಗೆ ತಿರುಗಿಸಿದರೆ ಬೇಕಾದಷ್ಟು ಉದ್ದ ಸಿಗುತ್ತದೆ. ಆದರೆ ಕೆದರಿದ ತುದಿಯನ್ನು ನೀಟಾಗಿ ಕತ್ತರಿಸಬೇಕು. ಇಲ್ಲದಿದ್ದರೆ ಆ ಎಳೆಗಳು ಹೊಸ ನಿಪ್ಪಲ್‌ನ ತೂತಿನೊಳಗೆ ಹೋಗುವುದೇ ಇಲ್ಲ.

ಹೆಸರಿಲ್ಲದ ಟೂಲ್ ಕೇಬಲನ್ನು ಕತ್ತರಿಸಲಿಲ್ಲ, ಜಜ್ಜಿತು. ಎಳೆಗಳು ಪೊರಕೆ ಕಡ್ಡಿಯ ಹಾಗೆ ಹರಡಿಕೊಂಡವು. ಕಟ್ಟರ್‌ನ ಅಲಗಿನಲ್ಲೇ ಎರಡು ಗುಳಿ ಬಿದ್ದವು. ವೇವ್ ಎರಡು ಅದುಮಿಗೆ ಕಚ್ ಅಂತ ಕತ್ತರಿಸಿತು. ತುದಿ ಸೂಜಿಗೆ ದಾರ ಪೋಣಿಸಿದ ಹಾಗೆ ನಿಪ್ಪಲ್‌ಗೆ ಹೋಯಿತು. ಸ್ಪಿರಿಟ್ ಕೂಡ ಕತ್ತರಿಸಿತು, ಆದರೆ ನನ್ನ ಕೈಗೆ ಸ್ವಲ್ಪ ಜಾಸ್ತಿ ಬಲ ಬೇಕಾಯಿತು. ವೇವ್‌ನ ಕಟ್ಟರ್ ಸವೆದರೆ ಬರೀ ಆ ಅಲಗುಗಳನ್ನು ಬಿಚ್ಚಿ ಹೊಸದು ಹಾಕಬಹುದು. ಕೇಬಲ್, ತಂತಿ ಕತ್ತರಿಸುತ್ತಲೇ ಇರುವವರಿಗೆ ಇದು ದೊಡ್ಡ ಅನುಕೂಲ. ಯಾವ ಟೂಲ್ ಆದರೂ ಇಂಥ ಗಟ್ಟಿ ತಂತಿಯನ್ನು ಮೂತಿಯ ಕಡೆ ಇಟ್ಟು ಕತ್ತರಿಸಬೇಡಿ. ಕೀಲಿನ ಹತ್ತಿರ, ಆದಷ್ಟು ಒಳಗೆ ಇಟ್ಟು ಕತ್ತರಿಸಿ. ಅಲಗೂ ಉಳಿಯುತ್ತದೆ, ಕೈಗೂ ಸುಲಭ.

ಚೈನ್ ಲಾಕ್, ಅಂದರೆ ಚೈನಿನ ಎರಡು ತುದಿ ಜೋಡಿಸುವ ಕೊಂಡಿಯ ಕ್ಲಿಪ್ ತೆಗೆಯುವಾಗ ಆಟ ತಿರುಗಿತು. ಒಂದು ಕೈಯಲ್ಲಿ ಎಣ್ಣೆ ಚೈನು ಹಿಡಿದುಕೊಂಡಿರುತ್ತೀರಿ. ಇನ್ನೊಂದು ಕೈಯಲ್ಲಿ ಪ್ಲೈಯರ್ ಬಾಯಿ ತೆರೆದು, ಒಂದು ದವಡೆಯನ್ನು ಕ್ಲಿಪ್ಪಿನ ತೆರೆದ ತುದಿಗೆ, ಇನ್ನೊಂದನ್ನು ಪಿನ್ನಿಗೆ ಕೊಟ್ಟು ಒತ್ತಬೇಕು. ಸ್ಪಿರಿಟ್‌ನ ಪ್ಲೈಯರ್‌ಗೆ ಸ್ಪ್ರಿಂಗ್ ಇದೆ. ಕೈ ಸಡಿಲ ಬಿಟ್ಟರೆ ಬಾಯಿ ತಾನೇ ತೆರೆದುಕೊಳ್ಳುತ್ತದೆ. ಕೇಳುವುದಕ್ಕೆ ಸಣ್ಣ ಸಂಗತಿ. ಆದರೆ ಒದ್ದೆ ಗ್ಲೌಸ್ ಹಾಕಿಕೊಂಡು, ಬಗ್ಗಿ ಕೂತು, ಒಂದೇ ಕೈಯಲ್ಲಿ ಈ ಕೆಲಸ ಮಾಡಿ ನೋಡಿ, ಆಗ ಗೊತ್ತಾಗುತ್ತದೆ. ವೇವ್‌ನಲ್ಲಿ ಪ್ರತಿ ಸಲ ಕಿರುಬೆರಳನ್ನು ಎರಡು ಹಿಡಿಕೆಯ ನಡುವೆ ತೂರಿಸಿ ಬಾಯಿ ಬಿಡಿಸಬೇಕಾಯಿತು. ಕ್ಲಿಪ್ ಹಾರಿ ಹೋಗದ ಹಾಗೆ ಮೇಲೆ ಒಂದು ಬಟ್ಟೆ ಮುಚ್ಚಿಕೊಳ್ಳಿ. ವಾಪಸ್ ಹಾಕುವಾಗ ಕ್ಲಿಪ್ಪಿನ ಮುಚ್ಚಿದ ತುದಿ ಚೈನು ಓಡುವ ದಿಕ್ಕಿಗೆ ಮುಖ ಮಾಡಿರಬೇಕು. ಇದನ್ನು ಉಲ್ಟಾ ಹಾಕಿದವರನ್ನು ನಾನೇ ನೋಡಿದ್ದೇನೆ.

ಟೈರಿನಿಂದ ಮೊಳೆ ಕೀಳುವುದರಲ್ಲಿ ಎರಡೂ ಸಮ. ಹೆಸರಿಲ್ಲದ್ದೂ ಕಿತ್ತಿತು, ಅದನ್ನೂ ಹೇಳಬೇಕು.

ಸ್ಕ್ರೂಡ್ರೈವರ್ ವಿಷಯಕ್ಕೆ ಬಂದರೆ ಸ್ವಲ್ಪ ನಿಧಾನಿಸಬೇಕು. ಸ್ಪಿರಿಟ್‌ನಲ್ಲಿ ಪ್ರತಿಯೊಂದು ಉಪಕರಣವೂ ಹೊರಗಿನಿಂದಲೇ ತೆರೆಯುತ್ತದೆ. ಪ್ಲೈಯರ್ ಬಿಚ್ಚದೆ ಬರೀ ಸ್ಕ್ರೂಡ್ರೈವರನ್ನು ಎಳೆದುಕೊಂಡರೆ ಆಯಿತು, ತೆರೆದ ಮೇಲೆ ಲಾಕ್ ಆಗುತ್ತದೆ. ವೇವ್‌ನಲ್ಲಿ ಚಾಕು, ಗರಗಸ, ಅರ ಹೊರಗಡೆ ಇವೆ. ಚಾಕು ಒಂದೇ ಕೈಯಲ್ಲಿ ಸರಾಗವಾಗಿ ತೆರೆಯುತ್ತದೆ. ಆದರೆ ಸ್ಕ್ರೂ ಬಿಟ್ (ಸ್ಕ್ರೂಡ್ರೈವರ್‌ನ ಬದಲಿಸುವ ತುದಿ) ಒಳಗಿದೆ, ಅದಕ್ಕೆ ಮೊದಲು ಹಿಡಿಕೆ ಬಿಚ್ಚಬೇಕು. ಬೈಕಿನ ಕೆಲಸದಲ್ಲಿ ಚಾಕುವಿಗಿಂತ ಸ್ಕ್ರೂಡ್ರೈವರ್‌ಗೇ ಕೆಲಸ ಜಾಸ್ತಿ ಅಲ್ವಾ? ಹಾಗಾಗಿ ಈ ವಿಷಯದಲ್ಲಿ ನನ್ನ ಓಟು ಸ್ಪಿರಿಟ್‌ಗೆ.

ಆದರೆ ವೇವ್‌ಗೆ ಬಿಟ್ ಬದಲಿಸುವ ಶಕ್ತಿ ಇದೆ. ಅದರ ಬಿಟ್‌ಗಳು ಅದರದೇ ಆದ ಚಪ್ಪಟೆ ಆಕಾರದವು, ಅಂಗಡಿಯಲ್ಲಿ ಸಿಗುವ ಮಾಮೂಲಿ ಆರುಮೂಲೆ ಬಿಟ್ ನೇರವಾಗಿ ಕೂರುವುದಿಲ್ಲ. ಪ್ರತ್ಯೇಕವಾಗಿ ಬಿಟ್ ಕಿಟ್ ಕೊಂಡರೆ ಅಲೆನ್ ಕೀ (ಆರುಮೂಲೆ ತೂತಿನ ಬೋಲ್ಟಿಗೆ), ಟಾರ್ಕ್ಸ್ (ಆರು ಮೊನೆಯ ನಕ್ಷತ್ರದ ತೂತಿಗೆ) ಎಲ್ಲಾ ಬರುತ್ತವೆ. ಬಿಟ್ ಎಕ್ಸ್‌ಟೆಂಡರ್ ಅಂತ ಒಂದು ಕಡ್ಡಿ ಕೊಂಡರೆ ಕಾಲಿಂಚಿನ ಮಾಮೂಲಿ ಬಿಟ್ ಕೂಡ ಹಾಕಬಹುದು. ಈ ಕಡ್ಡಿ ಇಲ್ಲದೆ ವೇವ್ ಕೊಂಡರೆ ಬೈಕಿಗೆ ಅರ್ಧ ಟೂಲ್ ಕೊಂಡ ಹಾಗೆ ಅಂತ ನನ್ನ ಅಭಿಪ್ರಾಯ. ಟ್ಯಾಂಕಿನ ಕೆಳಗೆ, ಸೈಡ್ ಪ್ಯಾನಲ್ ಒಳಗೆ ಇರುವ ಸ್ಕ್ರೂಗೆ ಮಲ್ಟಿಟೂಲ್‌ನ ದಪ್ಪ ಮೈ ಅಡ್ಡ ಬರುತ್ತದೆ. ಆ ಕಡ್ಡಿಯಿಂದ ನಾಲ್ಕು ಬೆರಳು ದೂರ ಸಿಗುತ್ತದೆ.

ಇನ್ನೊಂದು ವಿಷಯ ತುಂಬಾ ಜನ ಗಮನಿಸುವುದಿಲ್ಲ. ಜಪಾನಿ ಮೂಲದ ಬೈಕ್‌ಗಳಲ್ಲಿ ಬರುವ ಸ್ಟಾರ್ ಸ್ಕ್ರೂ ನೋಡುವುದಕ್ಕೆ ಫಿಲಿಪ್ಸ್ ತರಹವೇ ಇದ್ದರೂ ಅದು ಜಿಸ್ (JIS) ಅನ್ನುವ ಜಪಾನಿನ ಬೇರೆ ಅಳತೆಯದು. ಕೆಲವು ಸ್ಕ್ರೂ ತಲೆಯ ಮೇಲೆ ಒಂದು ಸಣ್ಣ ಚುಕ್ಕಿ ಇರುತ್ತದೆ, ಅದೇ ಗುರುತು. ಅದಕ್ಕೆ ಫಿಲಿಪ್ಸ್ ಹಾಕಿ ತಿರುಗಿಸಿದರೆ ತುದಿ ಮೇಲಕ್ಕೆ ಎದ್ದು ತಲೆಯನ್ನು ಕೆತ್ತಿಬಿಡುತ್ತದೆ. ಮುಂದಿನ ಬ್ರೇಕ್ ಆಯಿಲ್ ಡಬ್ಬಿಯ ಮುಚ್ಚಳದ ಎರಡು ಸ್ಕ್ರೂಗಳು ಹಾಳಾಗುವುದು ಹೆಚ್ಚಾಗಿ ಹೀಗೇ. ಎಕ್ಸ್‌ಟೆಂಡರ್‌ಗೆ ಒಂದು ಜಿಸ್ ಬಿಟ್ ಹಾಕಿ ಒತ್ತಿ ತಿರುಗಿಸಿದಾಗ ಆ ಮುಚ್ಚಳ ಒಂದು ಗೀರೂ ಬೀಳದೆ ಬಿಚ್ಚಿಕೊಂಡಿತು. ಈ ಒಂದು ಕೆಲಸದಲ್ಲಿ ವೇವ್ ಸ್ಪಿರಿಟನ್ನು ಬಹಳ ಹಿಂದೆ ಹಾಕಿತು.

ಇನ್ನು ನಟ್ಟು, ಬೋಲ್ಟು. ಇಲ್ಲಿ ಮೂರೂ ಸೋತವು. ಹತ್ತು ಸಾವಿರ ಕೊಟ್ಟರೂ ಮಲ್ಟಿಟೂಲ್‌ನ ಪ್ಲೈಯರ್ ಸ್ಪ್ಯಾನರ್ ಆಗುವುದಿಲ್ಲ. ಅದರ ದವಡೆ ತೆರೆದಷ್ಟೂ ಕೋನವಾಗಿ ಅಗಲವಾಗುತ್ತದೆ, ಸ್ಪ್ಯಾನರ್‌ನ ಹಾಗೆ ಎರಡೂ ಬದಿ ಸಮಾನಾಂತರ ನಿಲ್ಲುವುದಿಲ್ಲ. ಹಾಗಾಗಿ ಅದು ಬೋಲ್ಟಿನ ಮುಖವನ್ನು ಹಿಡಿಯದೆ ಮೂಲೆಯನ್ನು ಕಚ್ಚುತ್ತದೆ. ಹಳೇ 10 ಎಂಎಂ ತಲೆಯ ಬೋಲ್ಟ್ ಒಂದನ್ನು ವೈಸ್‌ಗೆ ಹಾಕಿ ಬಿಗಿದು ನೋಡಿದೆ. ವೇವ್, ಸ್ಪಿರಿಟ್ ಎರಡೂ ಗೀರು ಹಾಕಿದವು. ಅವುಗಳ ಕೀಲು ಅಲ್ಲಾಡಲಿಲ್ಲ, ಬೆರಳು ಸಿಕ್ಕಿಕೊಳ್ಳಲಿಲ್ಲ ಅನ್ನುವುದಷ್ಟೇ ವ್ಯತ್ಯಾಸ. ಒಂದು ನಟ್ ಸ್ಪ್ಯಾನರ್‌ನಲ್ಲಿ ತಿರುಗುವಾಗ ಹಿಂದಿನ ಬೋಲ್ಟ್ ಜೊತೆಗೇ ತಿರುಗದ ಹಾಗೆ ಹಿಡಿದುಕೊಳ್ಳುವುದಕ್ಕೆ ಪ್ಲೈಯರ್ ಸಾಕು. ಬಿಗಿಯುವುದಕ್ಕೆ ಬೇಡ.

ಜರ್ಮನಿಯ ಕ್ನಿಪೆಕ್ಸ್‌ನವರ 150 ಎಂಎಂ ಪ್ಲೈಯರ್ ರೆಂಚನ್ನು ಗೆಳೆಯರೊಬ್ಬರಿಂದ ಒಂದು ವಾರ ಇಸ್ಕೊಂಡಿದ್ದೆ. ಅದರ ದವಡೆ ನುಣುಪು, ಎಷ್ಟು ತೆರೆದರೂ ಸಮಾನಾಂತರ, 27 ಎಂಎಂವರೆಗೆ ಹಿಡಿಯುತ್ತದೆ. ಬೋಲ್ಟಿಗೆ ಒಂದು ಗುರುತೂ ಬೀಳಲಿಲ್ಲ. ತುಂಬಾ ಇಷ್ಟವಾಯಿತು. ಆದರೆ ಬರೀ ಹದಿನೈದು ಸೆಂಟಿಮೀಟರ್ ಉದ್ದದ ಟೂಲಿನಲ್ಲಿ ಹಿಂದಿನ ಚಕ್ರದ ಆಕ್ಸಲ್ ನಟ್ ಬಿಚ್ಚುವ ಆಸೆ ಇಟ್ಟುಕೊಳ್ಳಬಾರದು. ಬೆಲೆಯೂ ಕಡಿಮೆ ಇಲ್ಲ.

1975ರಲ್ಲಿ, ಲೆದರ್‌ಮ್ಯಾನ್ ಕಂಪನಿ ಕಟ್ಟಿದ ಟಿಮ್ ಲೆದರ್‌ಮ್ಯಾನ್ ಹೆಂಡತಿಯ ಜೊತೆ ಯುರೋಪಿನಲ್ಲಿ ಒಂದು ಹಳೇ ಫಿಯಟ್ ಕಾರಿನಲ್ಲಿ ಸುತ್ತುತ್ತಿದ್ದರು. ಕಾರು ಆಗಾಗ ಕೈಕೊಡುತ್ತಿತ್ತು. ಜೇಬಿನಲ್ಲಿ ಚಾಕು ಇತ್ತು, ಪ್ಲೈಯರ್ ಇರಲಿಲ್ಲ. ಆ ಕೊರತೆಯಿಂದಲೇ ಅವರಿಗೆ ಈ ಟೂಲ್ ಹೊಳೆದದ್ದು, ಮಾರಾಟಕ್ಕೆ ಬಂದದ್ದು 1983ರಲ್ಲಿ. ನನಗೆ ಈ ಕಥೆ ಮುಖ್ಯ ಅನ್ನಿಸುವುದು ಯಾಕಂದ್ರೆ, ಮಲ್ಟಿಟೂಲ್ ಹುಟ್ಟಿದ್ದೇ ಪ್ಲೈಯರ್‌ಗೋಸ್ಕರ. ಕೊಳ್ಳುವಾಗ ಎಷ್ಟು ಉಪಕರಣ ಇದೆ ಅಂತ ಎಣಿಸಬೇಡಿ. ಪ್ಲೈಯರ್ ಬಿಚ್ಚಿ, ಕೀಲು ಅಡ್ಡಡ್ಡ ಅಲ್ಲಾಡುತ್ತದಾ ನೋಡಿ. ದವಡೆ ಮುಚ್ಚಿ ಬೆಳಕಿಗೆ ಹಿಡಿದರೆ ತುದಿಗಳು ಸರಿಯಾಗಿ ಕೂಡುತ್ತವಾ ನೋಡಿ. ಆಮೇಲೆ ಲಾಕ್.

ತೂಕದಲ್ಲಿ ವೇವ್ 241 ಗ್ರಾಂ, ಸ್ಪಿರಿಟ್ ಸುಮಾರು 210. ಬೈಕಿನಲ್ಲಿ ಇಡುವುದಕ್ಕೆ ಇದೊಂದು ವ್ಯತ್ಯಾಸವೇ ಅಲ್ಲ. ಆದರೆ ಬೆಲ್ಟಿಗೆ ಸಿಕ್ಕಿಸಿಕೊಂಡು ಬೈಕ್ ಓಡಿಸಬೇಡಿ. ಬಿದ್ದರೆ ಸೊಂಟದ ಮೂಳೆಗೂ ರಸ್ತೆಗೂ ನಡುವೆ ಒಂದು ಉಕ್ಕಿನ ಗಟ್ಟಿ ಇರುತ್ತದೆ. ನಾನು ಹಳೇ ಟ್ಯೂಬಿನ ಒಂದು ಗೇಣು ತುಂಡಿನೊಳಗೆ ತೂರಿಸಿ ಸೀಟಿನ ಕೆಳಗೆ ಇಡುತ್ತೇನೆ. ಕಟಕಟ ಶಬ್ದ ಇಲ್ಲ, ನೀರು ಕಡಿಮೆ ತಾಗುತ್ತದೆ, ದಾರಿಯಲ್ಲಿ ಏನಾದರೂ ಕಟ್ಟಬೇಕಾದರೆ ಆ ಟ್ಯೂಬಿನಿಂದಲೇ ಒಂದು ಪಟ್ಟಿ ಕತ್ತರಿಸಿಕೊಳ್ಳಬಹುದು. ಸ್ಟೇನ್‌ಲೆಸ್ ಅಂದರೂ ಮಲೆನಾಡಿನ ಮಳೆಗಾಲಕ್ಕೆ ಅದಕ್ಕೂ ಚಹಾ ಬಣ್ಣದ ಕಲೆ ಬರುತ್ತದೆ. ತಿಂಗಳಿಗೊಮ್ಮೆ ಒರೆಸಿ, ಕೀಲಿಗೆ ಎರಡು ಹನಿ ಹೊಲಿಗೆ ಮಿಷನ್ ಎಣ್ಣೆ ಬಿಟ್ಟರೆ ಸಾಕು. ವಾರಂಟಿ ಲೆದರ್‌ಮ್ಯಾನ್‌ಗೆ 25 ವರ್ಷ, ವಿಕ್ಟೋರಿನಾಕ್ಸ್‌ಗೆ ತಯಾರಿಕೆಯ ದೋಷಕ್ಕೆ ಜೀವನಪೂರ್ತಿ.

ನೂರು ಸಿಸಿ ಬೈಕಿನಲ್ಲಿ ಊರೊಳಗೆ ಓಡಾಡುವವರು ಕೇಳಿದರೆ ನಾನು ಎರಡನ್ನೂ ಹೇಳುವುದಿಲ್ಲ. ಟಪಾರಿಯಾ ಕಂಪನಿಯ ಒಂದು ನೋಸ್ ಪ್ಲೈಯರ್, 10-11, 12-13, 14-15 ಸ್ಪ್ಯಾನರ್, ತಿರುಗಿಸಿ ಹಾಕುವ ಒಂದು ಸ್ಕ್ರೂಡ್ರೈವರ್, ಜೊತೆಗೆ ಬೈಕಿನಲ್ಲೇ ಬಂದ ಪ್ಲಗ್ ಸ್ಪ್ಯಾನರ್. ಒಂದು ಮಲ್ಟಿಟೂಲ್‌ನ ದುಡ್ಡಿನ ಸಣ್ಣ ಪಾಲಿನಲ್ಲಿ ಇದೆಲ್ಲಾ ಬರುತ್ತದೆ, ಕೆಲಸವೂ ಜಾಸ್ತಿ ಆಗುತ್ತದೆ. ಘಾಟಿ, ಕಾಡು, ರಾತ್ರಿ ಅಂತ ದೂರ ಹೋಗುವವರಿಗೆ, ಕೈಗೆ ತಕ್ಷಣ ಸಿಗುವ ಒಂದು ಗಟ್ಟಿ ಟೂಲ್ ಬೇಕು ಅನ್ನುವವರಿಗೆ ಸ್ಪಿರಿಟ್. ನನ್ನ ಸೀಟಿನಡಿ ಈಗ ಇರುವುದು ಅದೇ, ಪಕ್ಕದಲ್ಲಿ ಆ ಮೂರು ಸ್ಪ್ಯಾನರ್.

ವೇವ್ ತಮ್ಮನ ಹತ್ತಿರ ಇದೆ. ಅವನದು ಕೆಟಿಎಂ, ಎಲ್ಲಿ ನೋಡಿದರೂ ಟಾರ್ಕ್ಸ್, ಅಲೆನ್. ಬಿಟ್ ಕಿಟ್, ಎಕ್ಸ್‌ಟೆಂಡರ್ ಸಮೇತ ಅವನಿಗೆ ಕೊಟ್ಟೆ. “ಅಣ್ಣ, ಇಷ್ಟಿದ್ರೆ ಸಾಕಲ್ವಾ?” ಅಂದ. ಸೀಟು ಎತ್ತಿಸಿ, ಒಂದು ಹತ್ತರ ರಿಂಗ್ ಸ್ಪ್ಯಾನರನ್ನೂ ಒಳಗೆ ಇಟ್ಟು ಬಂದೆ.