ಬೆನ್ನಿಗೆ ಹೊಲಸು ಬಿದ್ದಿದೆ ಎಂದರೆ ನಿಲ್ಲಬೇಡಿ

ಮಕ್ಕಳನ್ನು ನೋಡಲು ವಿದೇಶಕ್ಕೆ ಹೊರಡುವ ಅಪ್ಪ ಅಮ್ಮಂದಿರು ಈಗ ನಮ್ಮ ದಾವಣಗೆರೆಯಲ್ಲಿ ಓಣಿಗೊಬ್ಬರು ಸಿಗುತ್ತಾರೆ. ಅವರೆಲ್ಲ ಓದಲಿ ಅಂತ ಇದನ್ನು ಬರೆಯುತ್ತಿದ್ದೇನೆ.

ನಮ್ಮ ಮಗಳು ಇರುವುದು ಚಿಲಿ ದೇಶದ ಸಾಂಟಿಯಾಗೊದಲ್ಲಿ. ಅಲ್ಲಿಂದ ವಾಲ್ಪರೈಸೊ ಎಂಬ ಬಂದರು ಊರು ಸುಮಾರು 120 ಕಿಲೋಮೀಟರ್. ಇಲ್ಲಿಂದ ಚಿತ್ರದುರ್ಗಕ್ಕೆ ಹೋಗಿ ವಾಪಸ್ ಬಂದಷ್ಟು ದಾರಿ. ಬಸ್ಸಿಗೆ ಎರಡು ಗಂಟೆ ಸಾಕು. ಮಗಳಿಗೆ ಅವತ್ತು ಆಫೀಸ್ ಇತ್ತು. ಬಸ್ ಹತ್ತಿಸಿ ಕಳಿಸಿದಳು. ನಾನು, ನಮ್ಮನೆಯವರು ಇಬ್ಬರೇ ಹೋದೆವು.

ಊರು ಎಂಥ ಚಂದ ಅಂತೀರಿ! 40ಕ್ಕೂ ಹೆಚ್ಚು ಗುಡ್ಡಗಳು ಸಮುದ್ರಕ್ಕೆ ಮುಖ ಮಾಡಿ ನಿಂತಿವೆ. ಗುಡ್ಡದ ತುಂಬ ತಗಡು ಹೊದಿಸಿದ ಮನೆಗಳು. ಒಂದಕ್ಕೆ ಹಳದಿ, ಪಕ್ಕದ್ದಕ್ಕೆ ನೀಲಿ, ಅದರ ಮೇಲಿನದಕ್ಕೆ ಕೆಂಪು. 2003ರಲ್ಲಿ ಯುನೆಸ್ಕೊ ಈ ಊರಿನ ಹಳೆಯ ಭಾಗವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದೆ. ಗುಡ್ಡ ಹತ್ತಲು ಹಳಿಯ ಮೇಲೆ ಜಾರುವ ಪೆಟ್ಟಿಗೆಯಂಥ ಲಿಫ್ಟ್‌ಗಳಿವೆ. ಮೊದಲನೆಯದು ಶುರುವಾಗಿದ್ದು 1883ರಲ್ಲಿ. ನಮ್ಮನೆಯವರಿಗೆ ಮೊಣಕಾಲು ನೋವು. ಚಿತ್ರದುರ್ಗದ ಕೋಟೆ ಹತ್ತುವುದನ್ನು ಬಿಟ್ಟು ಎಷ್ಟೋ ವರ್ಷವಾಯಿತು. ಕಾಲು ನೋಯಿಸದೆ ಗುಡ್ಡ ಹತ್ತಬಹುದು ಅಂತ ಆ ಲಿಫ್ಟ್ ನೋಡಲೆಂದೇ ಬಂದಿದ್ದರು.

ಬಸ್ ನಿಲ್ದಾಣ ಇರುವುದು ಕೆಳಗಿನ ಬಯಲಿನಲ್ಲಿ. ಪ್ರವಾಸಿಗರು ಹೋಗುವ ಗುಡ್ಡಗಳು ಅಲ್ಲಿಂದ ದೂರ. ಟ್ಯಾಕ್ಸಿ ಇತ್ತು, ಕರೆಂಟಿನ ಟ್ರಾಲಿ ಬಸ್ ಇತ್ತು. ಊರು ನೋಡಿಕೊಂಡು ನಡೆಯೋಣ ಅಂದೆವು. ಮೊದಲ ತಪ್ಪು ಅದೇ.

ಅಂಗಡಿ ಬೀದಿಯಲ್ಲಿ ಹೋಗುತ್ತಿದ್ದಾಗ ನಮ್ಮನೆಯವರ ಬೆನ್ನ ಮೇಲೆ ಪಚಕ್ ಅಂತ ಏನೋ ಬಿತ್ತು. ಹಸಿರು ಹಳದಿ ಬಣ್ಣ, ಕೆಟ್ಟ ವಾಸನೆ. ತಕ್ಷಣ ಹಿಂದಿನಿಂದ ಗಂಡ ಹೆಂಡತಿಯಂತೆ ಕಾಣುವ ಇಬ್ಬರು ಬಂದರು. ಆ ಹೆಂಗಸು ಮೇಲೆ ಕೈ ತೋರಿಸಿ ಹಕ್ಕಿ ಅನ್ನುವಂತೆ ಸನ್ನೆ ಮಾಡಿದಳು. ಬ್ಯಾಗಿನಿಂದ ಟಿಶ್ಯೂ ತೆಗೆದಳು. ಗಂಡಸು ನೀರಿನ ಬಾಟಲಿ ಕೊಟ್ಟ. ಎಷ್ಟು ಒಳ್ಳೆಯ ಜನ ಅನಿಸಿತು. ನಾನು ಹೆಗಲ ಬ್ಯಾಗನ್ನು ಪಕ್ಕದ ಮೆಟ್ಟಿಲ ಮೇಲಿಟ್ಟು ಅಂಗಿ ಒರೆಸಲು ನಿಂತೆ. ಎರಡು ನಿಮಿಷವೂ ಆಗಿರಲಿಲ್ಲ. ತಿರುಗಿ ನೋಡಿದರೆ ಬ್ಯಾಗ್ ಇಲ್ಲ. ಒರೆಸುತ್ತಿದ್ದವರೂ ಇಲ್ಲ. ಮೂರನೆಯವನು ಯಾರೋ ಬಂದು ಎತ್ತಿಕೊಂಡು ಹೋಗಿರಬೇಕು. ಅವನನ್ನು ನಾವು ನೋಡಲೇ ಇಲ್ಲ.

ಇದೇ ಮೋಸ ನಮ್ಮಲ್ಲೂ ಇದೆ, ಅಲ್ವಾ? ಬ್ಯಾಂಕಿನಿಂದ ಹಣ ತಂದವರ ಮೇಲೆ ಹೊಲಸು ಎರಚಿ, ಗಮನ ಬೇರೆಡೆ ಸೆಳೆದು ದೋಚಿದರು ಅಂತ ಪೇಪರ್‌ನಲ್ಲಿ ಎಷ್ಟು ಸಲ ಓದಿಲ್ಲ! ಆದರೂ ಆ ಹೊತ್ತಿಗೆ ಹೊಳೆಯಲಿಲ್ಲ. ಯಾಕೆ ಅಂತ ಆಮೇಲೆ ತುಂಬಾ ಯೋಚಿಸಿದೆ. ನಮ್ಮೂರಲ್ಲಿ ಬೈಕಿನ ಹಿಂದೆ ಕೂತಾಗ ಸೆರಗು ಇಳಿದರೆ, ಗುರುತಿಲ್ಲದವರೂ 'ಅಕ್ಕಾ, ಸೆರಗು ನೋಡ್ಕೊಳ್ಳಿ' ಅಂತ ಕೂಗುತ್ತಾರೆ. ಆ ಕೂಗಿಗೆ ನಿಂತು ನಿಂತು ಅಭ್ಯಾಸವಾಗಿದೆ ನಮಗೆ. ಕರೆದವರನ್ನು ನಂಬಿಯೇ ನಿಲ್ಲುತ್ತೇವೆ.

ಬ್ಯಾಗಿನಲ್ಲಿ ನನ್ನ ಫೋನ್, 200 ಡಾಲರ್, ನಮ್ಮನೆಯವರ ಬಿಪಿ ಮಾತ್ರೆ ಇದ್ದವು. ಎಲ್ಲಕ್ಕಿಂತ ಹೆಚ್ಚಾಗಿ ಇಬ್ಬರ ಪಾಸ್‌ಪೋರ್ಟೂ ಇದ್ದವು. ಮನೆಯಲ್ಲೇ ಇಡು ಅಂತ ಮಗಳು ಹೇಳಿದ್ದಳು. ಪರದೇಶ, ಯಾರಾದರೂ ಕೇಳಿದರೆ ಏನು ಮಾಡೋದು ಅಂತ ನಾನೇ ತಂದಿದ್ದೆ.

ಮಗಳ ನಂಬರ್ ಇದ್ದದ್ದು ಆ ಫೋನಿನಲ್ಲಿ. ನನಗೆ ಬಾಯಿಪಾಠ ಇಲ್ಲ. ನಮ್ಮನೆಯವರು ಹಳೆಯ ಅಭ್ಯಾಸದಂತೆ ಒಂದು ಚೀಟಿಯಲ್ಲಿ ಬರೆದು ಅಂಗಿ ಜೇಬಿನಲ್ಲಿ ಇಟ್ಟುಕೊಂಡಿದ್ದರು. ಆ ಚೀಟಿ ನಮ್ಮನ್ನು ಉಳಿಸಿತು. ಹಣ್ಣಿನ ಅಂಗಡಿಯ ಒಬ್ಬ ಅಜ್ಜಿ ನಮ್ಮನ್ನು ಕೂರಿಸಿ, ನೀರು ಕೊಟ್ಟು, ತನ್ನ ಫೋನಿನಿಂದ ಮಗಳಿಗೆ ಕರೆ ಮಾಡಿದರು. ಆ ತಾಯಿಯನ್ನು ಮರೆಯಲಾರೆ. ಪೊಲೀಸರನ್ನು ಕರೆದವರೂ ಅವರೇ. ಅಲ್ಲಿ ಪೊಲೀಸರ ನಂಬರ್ 133. ಹಸಿರು ಸಮವಸ್ತ್ರದವರು ಬಂದು ಠಾಣೆಗೆ ಕರೆದುಕೊಂಡು ಹೋದರು. ಮಗಳು ಬರುವವರೆಗೆ ಅಲ್ಲೇ ಕೂತಿದ್ದೆವು. ಆ ಬಣ್ಣದ ಮನೆಗಳನ್ನು ನಾವು ನೋಡಿದ್ದು ಠಾಣೆಯ ಕಿಟಕಿಯಿಂದ. ನಮ್ಮನೆಯವರಿಗೆ ಲಿಫ್ಟ್ ಹತ್ತಲು ಆಗಲೇ ಇಲ್ಲ.

ದೂರಿನ ಪ್ರತಿ ಹಿಡಿದು ಸಾಂಟಿಯಾಗೊದಲ್ಲಿರುವ ನಮ್ಮ ರಾಯಭಾರ ಕಚೇರಿಗೆ ಹೋದೆವು. ಅಲ್ಲಿ ಎಮರ್ಜೆನ್ಸಿ ಸರ್ಟಿಫಿಕೇಟ್ ಕೊಡುತ್ತಾರೆ. ಅದು ಒಮ್ಮೆ ಭಾರತಕ್ಕೆ ವಾಪಸ್ ಬರಲು ಮಾತ್ರ. ಬೇರೆ ದೇಶ ಸುತ್ತಲು ನಡೆಯುವುದಿಲ್ಲ. ಹಾಗಾಗಿ ಮುಂದಿನ ವಾರದ ಅರ್ಜೆಂಟೀನಾ ಪ್ರವಾಸ ರದ್ದಾಯಿತು, ಕಟ್ಟಿದ ಹಣವೂ ಹೋಯಿತು. ಊರಿಗೆ ಬಂದು ಹೊಸ ಪಾಸ್‌ಪೋರ್ಟಿಗೆ ಮತ್ತೆ ಅರ್ಜಿ, ಮತ್ತೆ ಓಡಾಟ. ಈಗಲೂ ಹಿಂದಿನಿಂದ ಯಾರಾದರೂ ಮುಟ್ಟಿದರೆ ನಮ್ಮನೆಯವರು ಬೆಚ್ಚುತ್ತಾರೆ.

ವಾಲ್ಪರೈಸೊಗೆ ಹೋಗಬೇಡಿ ಅಂತ ನಾನು ಹೇಳುವುದಿಲ್ಲ. ನಿಲ್ದಾಣದಿಂದ ಸೀದಾ ಟ್ಯಾಕ್ಸಿ ಹಿಡಿದು ಗುಡ್ಡದ ಮೇಲೆ ಹೋಗಿ. ಮೈಮೇಲೆ ಏನೇ ಬೀಳಲಿ, ಅಲ್ಲಿ ನಿಲ್ಲಬೇಡಿ, ಯಾರಿಗೂ ಒರೆಸಲು ಬಿಡಬೇಡಿ. ಬ್ಯಾಗ್ ಎದೆಗೆ ಅವಚಿಕೊಂಡು ಹತ್ತಿರದ ಅಂಗಡಿಯೊಳಗೆ ಹೋಗಿ. ಅಂಗಿ ಹಾಳಾದರೆ ಹಾಳಾಗಲಿ. ದುಡ್ಡನ್ನು ನಮ್ಮ ಅಜ್ಜಿಯರು ಸಂಚಿಯಲ್ಲಿಟ್ಟು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದರಲ್ಲ, ಹಾಗೆ ಮೈಗೆ ಅಂಟಿಕೊಂಡಿರಲಿ. ಅಸಲು ಪಾಸ್‌ಪೋರ್ಟ್ ಮನೆಯಲ್ಲಿರಲಿ, ಜೆರಾಕ್ಸ್ ಕೈಯಲ್ಲಿರಲಿ.

ನಮ್ಮ ಪಕ್ಕದ ಓಣಿಯ ದಂಪತಿ ಮುಂದಿನ ತಿಂಗಳು ಮಗನ ಹತ್ತಿರ ಹೊರಟಿದ್ದಾರೆ. ನಿನ್ನೆ ಅವರ ಮನೆಗೆ ಹೋಗಿ, ಮಗನ ನಂಬರನ್ನು ಎರಡು ಚೀಟಿಯಲ್ಲಿ ಬರೆಸಿ, ಇಬ್ಬರ ಹತ್ತಿರವೂ ಒಂದೊಂದು ಇಟ್ಟುಕೊಳ್ಳಲು ಹೇಳಿ ಬಂದೆ.