ದಪ್ಪ ನಾಯಿ, ದಪ್ಪ ಬೆಕ್ಕು: ತೂಕ ಇಳಿಸೋಕೆ ಏನೇನು ಮಾಡಿದೆವು, ಯಾವುದು ಗೆದ್ದಿತು

ತೀರ್ಪು ಮೊದಲೇ ಹೇಳಿಬಿಡುತ್ತೇನೆ. ನಾಯಿಯ ವಿಷಯದಲ್ಲಿ ಗೆದ್ದದ್ದು ಡಾಕ್ಟರು ಬರೆದುಕೊಟ್ಟ ತೂಕ ಇಳಿಸುವ ಡ್ರೈ ಫುಡ್, ಅಂದರೆ ಒಣ ಕಾಳಿನಂಥ ಊಟ. ಬೆಕ್ಕಿಗೆ ವೆಟ್ ಫುಡ್, ಅಂದರೆ ಡಬ್ಬಿಯಲ್ಲೋ ಪೊಟ್ಟಣದಲ್ಲೋ ಬರುವ ತೇವದ ಊಟ. ಎಲ್ಲರೂ ಮೊದಲು ಹೇಳುವ "ಜಾಸ್ತಿ ಓಡಾಡಿಸಿ" ಅನ್ನೋದು ಕೊನೆಯ ಸ್ಥಾನ.

ನಮ್ಮಲ್ಲಿರುವುದು ಒಂದು ಲ್ಯಾಬ್ರಡಾರ್, ಒಂದು ಬೆಕ್ಕು. ಎರಡಕ್ಕೂ ಮರಿಯಾಗದ ಹಾಗೆ ಆಪರೇಷನ್ ಆಗಿದೆ. ಅದಾದ ಮೇಲೆ ದೇಹಕ್ಕೆ ಬೇಕಾದ ಕ್ಯಾಲೊರಿ ಇಳಿಯುತ್ತದೆ, ಹಸಿವು ಮಾತ್ರ ಏರುತ್ತದೆ, ಹಾಗಾಗಿ ಎರಡೂ ಒಟ್ಟೊಟ್ಟಿಗೆ ದುಂಡಗಾದವು. ಹೋಲಿಸುವಾಗ ನಾನು ಬರೀ ತೂಕ ನೋಡಲಿಲ್ಲ. ಯಾವ ದಾರಿಯಲ್ಲಿ ಪ್ರಾಣಿ ಹಸಿವಿನಿಂದ ಕಾಡಲಿಲ್ಲ ಅನ್ನೋದನ್ನೂ ನೋಡಿದೆ. ಯಾಕಂದ್ರೆ ದಿನವಿಡೀ ಬಟ್ಟಲ ಮುಂದೆ ಕೂತು ಮುಖ ನೋಡುವ ನಾಯಿಯ ಎದುರು ಮನೆಯವರಲ್ಲಿ ಯಾರೋ ಒಬ್ಬರು ಸೋತೇ ಸೋಲುತ್ತಾರೆ, ಅಲ್ಲಿಗೆ ಎಷ್ಟು ಒಳ್ಳೆಯ ಡಯಟ್ ಆದರೂ ಮುಗೀತು.

ದಿನಕ್ಕೆ ಎಷ್ಟು ಕ್ಯಾಲೊರಿ ಕೊಡಬೇಕು ಅನ್ನೋ ಲೆಕ್ಕ ಹೀಗಿದೆ. ಗುರಿ ತೂಕ ಕಿಲೋದಲ್ಲಿ ತೆಗೆದುಕೊಂಡು, 0.75ರ ಘಾತಕ್ಕೆ ಏರಿಸಿ, 70ರಿಂದ ಗುಣಿಸಬೇಕು. 26 ಕಿಲೋಗೆ ಇಳಿಯಬೇಕಾದ ನಾಯಿಗೆ ದಿನಕ್ಕೆ ಸುಮಾರು 800 ಕ್ಯಾಲೊರಿ ಬರುತ್ತದೆ. 4.5 ಕಿಲೋಗೆ ಇಳಿಯಬೇಕಾದ ಬೆಕ್ಕಿಗೆ 215 ಬರುತ್ತದೆ. ಬೆಕ್ಕಿಗೆ ಸಾಮಾನ್ಯವಾಗಿ ಅದರ ಶೇ. 80ರಿಂದ ಶುರು ಮಾಡುತ್ತಾರೆ, ಅಂದರೆ 170ರ ಆಸುಪಾಸು. ಇದು ಶುರುವಿನ ಅಂದಾಜು ಅಷ್ಟೇ, ತೂಕ ಇಳಿಯುವ ವೇಗ ನೋಡಿ ಡಾಕ್ಟರು ಬದಲಿಸುತ್ತಾರೆ. ನಾಯಿಗೆ ಥೈರಾಯ್ಡ್‌ನಂಥ ತೊಂದರೆ ಇದೆಯಾ ಅಂತಲೂ ಶುರುವಿನಲ್ಲೇ ನೋಡಿಸಿಬಿಡಿ. ಅದಿದ್ದರೆ ಕೆಳಗಿನ ಯಾವುದೂ ಸರಿಯಾಗಿ ಕೆಲಸ ಮಾಡಲ್ಲ.

ಮೊದಲನೆಯ ದಾರಿ, ಇದ್ದ ಊಟವನ್ನೇ ಕಡಿಮೆ ಮಾಡುವುದು. ಸುಲಭ, ಹೊಸದಾಗಿ ಏನೂ ತರಬೇಕಿಲ್ಲ. ಆದರೆ ಸಾಮಾನ್ಯ ಡ್ರೈ ಫುಡ್‌ನಲ್ಲಿ ಕಿಲೋಗೆ 3500ರಿಂದ 4000 ಕ್ಯಾಲೊರಿ ಇರುತ್ತದೆ. ಬೆಕ್ಕಿನ 170 ಕ್ಯಾಲೊರಿ ಅಂದರೆ ದಿನಕ್ಕೆ 45 ಗ್ರಾಮ್. ಬಟ್ಟಲಿಗೆ ಹಾಕಿ ನೋಡಿದರೆ ತಳವೇ ಮುಚ್ಚಲ್ಲ! ಇದರಲ್ಲಿ 10 ಗ್ರಾಮ್ ಹೆಚ್ಚಾದರೆ ದಿನದ ಲೆಕ್ಕದಲ್ಲಿ ಐದನೇ ಒಂದು ಭಾಗ ಜಾಸ್ತಿ ಹೋದಂತೆ, ಆ ಹತ್ತು ಗ್ರಾಮ್ ಕಪ್‌ನಲ್ಲಿ ಅಳೆದರೆ ಗೊತ್ತೇ ಆಗುವುದಿಲ್ಲ. ಅದಕ್ಕೇ ಯಾವ ದಾರಿ ಹಿಡಿದರೂ ಅಡುಗೆಮನೆಯ ಡಿಜಿಟಲ್ ತಕ್ಕಡಿ ಬೇಕೇ ಬೇಕು, ಇದರಲ್ಲಿ ನನಗೆ ಚರ್ಚೆ ಇಲ್ಲ. ಇನ್ನೊಂದು ಸಮಸ್ಯೆ ಇದೆ. ಊಟ ತುಂಬಾ ಕಡಿಮೆ ಮಾಡಿದರೆ ಕ್ಯಾಲೊರಿ ಜೊತೆ ಪ್ರೋಟೀನು, ವಿಟಮಿನ್ನು, ಖನಿಜ ಎಲ್ಲವೂ ಕಡಿಮೆಯಾಗುತ್ತವೆ. ಸ್ವಲ್ಪವೇ ದಪ್ಪ ಇರುವ ಪ್ರಾಣಿಗೆ ಈ ದಾರಿ ಸಾಕು. ನಮ್ಮವಕ್ಕೆ ಸಾಲಲಿಲ್ಲ, ತೂಕ ಇಳಿಯಿತು ನಿಜ, ಆದರೆ ಮನೆಯಲ್ಲಿ ನೆಮ್ಮದಿ ಇರಲಿಲ್ಲ.

ಆಮೇಲೆ ಅಂಗಡಿಯಲ್ಲಿ ಸಿಗುವ "ಲೈಟ್" ಚೀಲ. ಇದರ ಬಗ್ಗೆ ಹೆಚ್ಚು ಹೇಳೋಕೇನಿಲ್ಲ. ಮುಂದಿನ ದೊಡ್ಡ ಅಕ್ಷರ ಬಿಡಿ, ಹಿಂದೆ ಕಿಲೋಗೆ ಎಷ್ಟು ಕ್ಯಾಲೊರಿ ಅಂತ ಬರೆದಿರುವುದನ್ನು ಓದಿ. ನಾವು ತಂದದ್ದಕ್ಕೂ ಹಳೆಯದಕ್ಕೂ ಅಂಥಾ ವ್ಯತ್ಯಾಸವೇ ಇರಲಿಲ್ಲ. ಲೈಟ್ ಅಲ್ವಾ ಅಂತ ಮನೆಯವರೆಲ್ಲ ಧಾರಾಳವಾಗಿ ಹಾಕುತ್ತಿದ್ದದ್ದೊಂದೇ ಬದಲಾವಣೆ.

ಡಾಕ್ಟರು ಬರೆದುಕೊಡುವ ಫುಡ್ ಬೇರೆಯೇ ಮಾಲು. ಪ್ರೋಟೀನ್ ಜಾಸ್ತಿ, ಬಹಳಷ್ಟರಲ್ಲಿ ನಾರೂ ಜಾಸ್ತಿ. ಕಡಿಮೆ ಕ್ಯಾಲೊರಿ ತಿಂದರೂ ಪೋಷಕಾಂಶ ಕಡಿಮೆಯಾಗದ ಹಾಗೆ ವಿಟಮಿನ್, ಖನಿಜ ಹೆಚ್ಚಿಟ್ಟಿರುತ್ತಾರೆ. ಅಷ್ಟೇ 800 ಕ್ಯಾಲೊರಿಗೆ ಬಟ್ಟಲು ಹೆಚ್ಚು ತುಂಬುತ್ತದೆ, ಹೊಟ್ಟೆಯೂ ತುಂಬುತ್ತದೆ. ಲ್ಯಾಬ್ರಡಾರ್‌ಗೆ ಇದು ಮುಖ್ಯ. 2016ರಲ್ಲಿ ಕೇಂಬ್ರಿಡ್ಜ್‌ನವರು ಪ್ರಕಟಿಸಿದ ಸಂಶೋಧನೆಯ ಪ್ರಕಾರ ಸುಮಾರು ಕಾಲು ಭಾಗ ಲ್ಯಾಬ್ರಡಾರ್‌ಗಳಲ್ಲಿ ಪಿಒಎಂಸಿ ಅನ್ನುವ ಜೀನ್‌ನ ಒಂದು ತುಂಡು ಇರುವುದಿಲ್ಲ, ಅಂಥ ನಾಯಿಗಳಿಗೆ ಊಟದ ಆಸೆ ಹೆಚ್ಚು. ನಮ್ಮದೂ ಅದೇ ಗುಂಪಾ ಅಂತ ಪರೀಕ್ಷೆ ಮಾಡಿಸಿಲ್ಲ, ನೋಡಿದರೆ ಅನುಮಾನವೇನೂ ಬರಲ್ಲ. ಈ ಫುಡ್ ಶುರು ಮಾಡಿದ ಮೇಲೆ ಕಸದ ಬುಟ್ಟಿಯ ಸುತ್ತ ಸುಳಿಯುವುದು ಕಡಿಮೆಯಾಯಿತು. ದುಬಾರಿ, ಅದು ನಿಜ. ನಾರಿನಿಂದಾಗಿ ಹೇಲು ಜಾಸ್ತಿ, ಅದನ್ನೂ ಹೇಳಿಬಿಡಬೇಕು, ಯಾವ ಚೀಲದ ಮೇಲೂ ಬರೆದಿರಲ್ಲ.

ವಾಕಿಂಗ್? ನಾಯಿ ಒಂದು ಕಿಲೋಮೀಟರ್ ನಡೆದರೆ ತನ್ನ ತೂಕದ ಪ್ರತಿ ಕಿಲೋಗೆ ಸುಮಾರು ಒಂದು ಕ್ಯಾಲೊರಿ ಖರ್ಚಾಗುತ್ತದೆ. 30 ಕಿಲೋ ನಾಯಿಗೆ 30 ಕ್ಯಾಲೊರಿ, ಅಂದರೆ 8 ಗ್ರಾಮ್ ಡ್ರೈ ಫುಡ್. ಮನೆಗೆ ಬಂದು "ಪಾಪ, ನಡೆದು ಬಂತು" ಅಂತ ಒಂದು ಬಿಸ್ಕತ್ ಕೊಟ್ಟರೆ ನಡೆದದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ. ಸ್ನಾಯು ಕರಗದೆ ಉಳಿಯೋಕೆ, ಕೀಲುಗಳಿಗೆ, ಮನಸ್ಸಿಗೆ ವಾಕಿಂಗ್ ಬೇಕು, ನಾವು ಬಿಟ್ಟಿಲ್ಲ. ತೂಕ ಇಳಿಸುವ ಕೆಲಸ ಅದರಿಂದಷ್ಟೇ ಆಗುವುದಿಲ್ಲ. ಬಿಸಿಲಲ್ಲಂತೂ ದಪ್ಪ ನಾಯಿಯನ್ನು ಓಡಿಸಬೇಡಿ, ಅವಕ್ಕೆ ಮೈ ತಂಪು ಮಾಡಿಕೊಳ್ಳುವುದೇ ಕಷ್ಟ. ಬೆಕ್ಕನ್ನು ಓಡಿಸುವ ಪ್ರಶ್ನೆಯೇ ಬರಲಿಲ್ಲ. ದಾರಕ್ಕೆ ಗರಿ ಕಟ್ಟಿ ಆಡಿಸಿದರೆ ಎರಡು ನಿಮಿಷ ಆಡಿ, ಆಮೇಲೆ ಮಲಗಿಕೊಂಡೇ ಕೈ ಬೀಸುತ್ತದೆ.

ಬೆಕ್ಕಿಗೆ ಕೊನೆಗೆ ವೆಟ್ ಫುಡ್ ಕೈ ಹಿಡಿಯಿತು. ಡ್ರೈ ಫುಡ್‌ನಲ್ಲಿ ನೀರು ಶೇ. 10ರ ಹತ್ತಿರ, ವೆಟ್‌ನಲ್ಲಿ ಶೇ. 75ರಿಂದ 80. ಬಹಳಷ್ಟು ವೆಟ್ ಫುಡ್‌ಗಳಲ್ಲಿ 100 ಗ್ರಾಮ್‌ಗೆ 80–100 ಕ್ಯಾಲೊರಿ ಅಷ್ಟೇ. ಹಾಗಾಗಿ 45 ಗ್ರಾಮ್‌ನ ಜಾಗದಲ್ಲಿ ಅದೇ ಕ್ಯಾಲೊರಿಗೆ ಸುಮಾರು 190 ಗ್ರಾಮ್ ತಿನ್ನುತ್ತದೆ. ರಾತ್ರಿ ಎಬ್ಬಿಸುವುದು ನಿಂತಿತು, ನನಗೆ ಅದೇ ದೊಡ್ಡ ಗೆಲುವು. ಆದರೆ ಒಂದು ಎಚ್ಚರ. ಹೊಸ ಊಟ ಬೇಡ ಅಂತ ದಪ್ಪ ಬೆಕ್ಕು ಒಂದೆರಡು ದಿನ ಉಪವಾಸ ಕೂತರೆ ಪಿತ್ತಜನಕಾಂಗಕ್ಕೆ, ಅಂದರೆ ಲಿವರ್‌ಗೆ, ಕೊಬ್ಬು ನುಗ್ಗಿ ಜೀವಕ್ಕೇ ಅಪಾಯ ಆಗಬಹುದು. "ಹಸಿವಾದರೆ ತಾನೇ ತಿನ್ನುತ್ತೆ" ಅನ್ನುವ ಹಟ ಬೆಕ್ಕಿನ ಹತ್ತಿರ ಬೇಡವೇ ಬೇಡ. ಹಳೆಯದಕ್ಕೆ ಹೊಸದನ್ನು ಸ್ವಲ್ಪ ಸ್ವಲ್ಪ ಬೆರೆಸುತ್ತಾ 7–10 ದಿನದಲ್ಲಿ ಬದಲಿಸಿ. ಪೂರ್ತಿ ತಿನ್ನುವುದನ್ನೇ ಬಿಟ್ಟರೆ ಅವತ್ತೇ ಡಾಕ್ಟರ ಹತ್ತಿರ ಹೋಗಿ.

ಇಳಿಯುವ ವೇಗದಲ್ಲೂ ಇವೆರಡಕ್ಕೆ ವ್ಯತ್ಯಾಸ ಇದೆ. ನಾಯಿ ವಾರಕ್ಕೆ ತನ್ನ ತೂಕದ ಶೇ. 1ರಿಂದ 2 ಇಳಿದರೆ ಸರಿ, ಬೆಕ್ಕಿಗೆ ಶೇ. 0.5ರಿಂದ 1 ಸಾಕು. 6 ಕಿಲೋ ಬೆಕ್ಕಿಗೆ ಅದು ವಾರಕ್ಕೆ 30ರಿಂದ 60 ಗ್ರಾಮ್. ಎತ್ತಿಕೊಂಡು ನಮ್ಮ ತೂಕದ ಯಂತ್ರದ ಮೇಲೆ ನಿಂತು ಕಳೆಯುವ ಉಪಾಯ ನಾಯಿಗೆ ನಡೆಯುತ್ತದೆ (ಎತ್ತೋಕೆ ಆದರೆ!), ಬೆಕ್ಕಿಗೆ ಮಗುವಿನ ತೂಕ ನೋಡುವ ಯಂತ್ರವೇ ವಾಸಿ.

ಉಪಕರಣಗಳಲ್ಲಿ, ಊಟವನ್ನು ಹುಡುಕಿ ತೆಗೆದು ತಿನ್ನಬೇಕಾದ ಪಜಲ್ ಬಟ್ಟಲು ನಾಯಿಗೆ ಇಷ್ಟವಾಯಿತು, ಎರಡು ನಿಮಿಷದ ಊಟ ಅರ್ಧ ಗಂಟೆ ಎಳೆಯಿತು. ಬೆಕ್ಕು ಅದನ್ನು ನೋಡಿ ಎದ್ದು ಹೋಯಿತು. ಹೊತ್ತಿಗೆ ಸರಿಯಾಗಿ ತಾನೇ ಊಟ ಹಾಕುವ ಟೈಮರ್ ಫೀಡರ್ ಡ್ರೈ ಫುಡ್‌ಗೆ ಚೆನ್ನಾಗಿದೆ. ಅದು ಬಂದ ಮೇಲೆ ನಾಯಿ ನಮ್ಮನ್ನು ಕೇಳುವುದು ಬಿಟ್ಟು ಯಂತ್ರವನ್ನು ಕಾಯೋಕೆ ಶುರು ಮಾಡಿತು. ಎರಡೂ ಪ್ರಾಣಿ ಒಂದೇ ಮನೆಯಲ್ಲಿದ್ದರೆ ಮಾತ್ರ, ಆಯಾ ಪ್ರಾಣಿಯ ಚರ್ಮದಡಿ ಹಾಕಿಸಿರುವ ಗುರುತಿನ ಚಿಪ್ ಗುರುತಿಸಿ ಮುಚ್ಚಳ ತೆರೆಯುವ ಬಟ್ಟಲಿಗೆ ದುಡ್ಡು ಹಾಕಿ. ಅದಿಲ್ಲದಿದ್ದರೆ ಬೆಕ್ಕು ಬಿಟ್ಟದ್ದನ್ನು ನಾಯಿ ತಿಂದು ನಿಮ್ಮ ಗ್ರಾಮ್ ಲೆಕ್ಕವನ್ನೆಲ್ಲ ನುಂಗಿಬಿಡುತ್ತದೆ. ದುಡ್ಡು ಖರ್ಚು ಮಾಡೋಕೆ ಮನಸ್ಸಿಲ್ಲವಾ, ಬೆಕ್ಕಿನ ಬಟ್ಟಲನ್ನು ನಾಯಿಗೆ ಎಟುಕದಷ್ಟು ಎತ್ತರದಲ್ಲಿಡಿ, ಬೆಕ್ಕು ಹತ್ತಿ ಇಳಿಯುವ ವ್ಯಾಯಾಮವೂ ಆದೀತು.